ಕಂಬದಡಿಯ ಒರ್ನೆಲ್ಲಾ

ನೆದರ್ಲೆಂಡ್ಸಿನ ಡ್ರೆಂಥೆ ಸೀಮೆಯ ಆ ಸಣ್ಣ ಊರಿನಲ್ಲಿ ಒರ್ನೆಲ್ಲಾ ದಾಲ್ ಫಾರಾ ಅಂದರೆ ಎಲ್ಲರಿಗೂ ಐಸ್‌ಕ್ರೀಮ್ ಅಂಗಡಿಯವಳು. ಅವಳ ಅಜ್ಜ ಇಟಲಿಯ ಬೆಟ್ಟಗಳ ನಡುವಿನ ಕಣಿವೆಯಿಂದ ಬಂದು ಚರ್ಚಿನ ಎದುರು ತೆರೆದ ಅಂಗಡಿ ಅದು. ಮಾರ್ಚಿನಲ್ಲಿ ಬಾಗಿಲು ತೆಗೆದರೆ ಅಕ್ಟೋಬರಿನವರೆಗೆ ರಜೆಯೆಂಬುದಿಲ್ಲ. ಆಮೇಲೆ ಬೀಗ ಹಾಕಿ ಮನೆಮಂದಿಯೆಲ್ಲ ಚಳಿಗಾಲ ಕಳೆಯಲು ಕಣಿವೆಗೆ ಹೊರಟುಬಿಡುತ್ತಾರೆ.

ಒರ್ನೆಲ್ಲಾ ಮಾತ್ರ ಹನ್ನೊಂದನೆಯ ವಯಸ್ಸಿನಿಂದ ಹೋಗಲಿಲ್ಲ. ಮೊದಮೊದಲು ಶಾಲೆಯ ನೆಪವಿತ್ತು. ಪಕ್ಕದ ಮನೆಯ ಹಾರ್ಮ್ ಅವಳನ್ನು ತಮ್ಮಲ್ಲೇ ಇಟ್ಟುಕೊಂಡರು. ಊರಿನ ಕಾರ್ಫ್‌ಬಾಲ್ ತಂಡಕ್ಕೆ ತರಬೇತಿ ಕೊಡುತ್ತಿದ್ದವರೂ ಅವರೇ. ಶಾಲೆ ಮುಗಿದು ಎಷ್ಟೋ ವರ್ಷವಾದರೂ ಅವಳು ಚಳಿಗಾಲದ ಪಂದ್ಯಗಳಿಗಾಗಿ ಉಳಿದಳು. ಅಪ್ಪ ಬೋರ್ಟೊಲೊ ಪ್ರತಿ ವರ್ಷ ಕಾರಿಗೆ ಸಾಮಾನು ತುಂಬುತ್ತಾ ಗೊಣಗುತ್ತಿದ್ದರು.

"ಅಲ್ಲಿ ಅಜ್ಜಿ ದಾರಿ ಕಾಯ್ತಾಳೆ, ನೀನಿಲ್ಲಿ ಬುಟ್ಟಿಗೆ ಚೆಂಡು ಹಾಕ್ತಾ ಕೂತಿರು."

"ನಾನು ಹಾಕಲ್ಲ ಪಪ್ಪಾ, ಹಾಕೋರಿಗೆ ಕೊಡ್ತೀನಿ."

"ಅಷ್ಟೂ ಇಲ್ವಾ ಹಾಗಾದ್ರೆ."

ಅಪ್ಪ ಒಂದು ದಿನವೂ ಅವಳ ಆಟ ನೋಡಲು ಬಂದವರಲ್ಲ.

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಈ ಆಟದಲ್ಲಿ ನಾಲ್ಕು ಹೆಂಗಸರು, ನಾಲ್ಕು ಗಂಡಸರು ಒಂದೇ ತಂಡದಲ್ಲಿ ಆಡುತ್ತಾರೆ. ಚೆಂಡು ಹಿಡಿದು ಓಡುವಂತಿಲ್ಲ. ಎದುರಾಳಿ ಕೈಯೆತ್ತಿ ಹತ್ತಿರ ನಿಂತಿದ್ದರೆ ಬುಟ್ಟಿಗೆ ಎಸೆಯುವಂತೆಯೂ ಇಲ್ಲ. ಹಾಗಾಗಿ ಬುಟ್ಟಿಯ ಕಂಬದ ಕೆಳಗೆ ಒಬ್ಬರು ನಿಂತು, ತಪ್ಪಿ ಬಿದ್ದ ಚೆಂಡನ್ನು ಹಿಡಿದು, ಬಿಡುವಾಗಿರುವವರ ಕೈಗೆ ಸರಿಯಾದ ಗಳಿಗೆಯಲ್ಲಿ ದಾಟಿಸಬೇಕು. ಒರ್ನೆಲ್ಲಾ ಮೂವತ್ತೆರಡು ವರ್ಷ ಮಾಡಿದ್ದು ಇದೇ ಕೆಲಸ. ಪತ್ರಿಕೆಯಲ್ಲಿ ಗೋಲು ಹಾಕಿದವರ ಹೆಸರು ಬರುತ್ತಿತ್ತು, ಅವಳದಲ್ಲ.

ಆ ಸೆಪ್ಟೆಂಬರಿನಲ್ಲಿ ಯುರೋಪಿನ ಚಾಂಪಿಯನ್‌ಶಿಪ್‌ಗೆ ಅರ್ಹತಾ ಪಂದ್ಯಾವಳಿ ಅವಳ ಊರಿನಲ್ಲೇ ನಡೆಯುವುದೆಂದು ಗೊತ್ತಾಯಿತು. ಇಟಲಿ ತಂಡದಲ್ಲಿ ಕಂಬದಡಿ ನಿಲ್ಲುವ ಹುಡುಗಿಗೆ ಮೊಣಕಾಲಿಗೆ ಪೆಟ್ಟಾಗಿತ್ತು. ಒರ್ನೆಲ್ಲಾಳ ಬಳಿ ಇಟಲಿಯ ಪಾಸ್‌ಪೋರ್ಟ್ ಇದೆಯೆಂದು ಹಾರ್ಮ್ ಯಾರ ಕಿವಿಗೋ ಹಾಕಿದರು. ನಲವತ್ತಮೂರನೆಯ ವಯಸ್ಸಿನಲ್ಲಿ ಅವಳ ಕೈಗೆ ದೇಶದ ನೀಲಿ ಅಂಗಿ ಬಂತು. ಇನ್ನೊಮ್ಮೆ ಬರುವುದಿಲ್ಲವೆಂಬುದು ಅವಳಿಗೆ ಗೊತ್ತಿತ್ತು.

ತಂಡದ ಹತ್ತೊಂಬತ್ತರ ಹುಡುಗಿ ಜಾದಾ ಮೊದಲ ದಿನವೇ ಕೇಳಿದಳು. "ಆಂಟಿ, ನೀವು ಆಡೋಕೆ ಬಂದಿದ್ದೋ, ಐಸ್‌ಕ್ರೀಮ್ ಹಂಚೋಕೋ?"

"ಎರಡೂ ಒಂದೇ ಕಣೇ. ಕೈಚಾಚಿ ಓಡಿ ಬಂದೋರಿಗೆ ಕೊಡೋದು. ನೀನೋ, ಚೆಂಡು ಕಣ್ಣಿಗೆ ಬಿದ್ದ ಮೇಲೆ ಓಡ್ತೀಯ. ಅಷ್ಟರಲ್ಲಿ ಕರಗಿಹೋಗಿರುತ್ತೆ."

ಜಾದಾ ನಕ್ಕಳು, ಆದರೆ ಚೆಂಡು ನೋಡಿಯೇ ಓಡುವ ಚಾಳಿ ಬಿಡಲಿಲ್ಲ.

ಶನಿವಾರ ಕೊನೆಯ ಪಂದ್ಯ, ಸ್ವಿಟ್ಜರ್ಲೆಂಡ್ ಎದುರು. ಗೆದ್ದವರಿಗೆ ಚಾಂಪಿಯನ್‌ಶಿಪ್, ಸೋತವರಿಗೆ ಮನೆ. ಹೊರಗೆ ವ್ಯಾಪಾರಕ್ಕೆ ಹೇಳಿ ಮಾಡಿಸಿದಂಥ ಬಿಸಿಲು. ಆಟಕ್ಕೆ ಮುಂಚೆ ಹಾರ್ಮ್ ಅಂಗಳದ ಬದಿಗೆ ಬಂದರು.

"ನಿಮ್ಮ ಅಂಗಡಿ ಬಾಗಿಲು ಹಾಕಿದೆ ಕಣಮ್ಮ."

"ಪಪ್ಪಾಗೆ ಹುಷಾರಿಲ್ವಾ?" ಒರ್ನೆಲ್ಲಾ ಗಾಬರಿಯಾದಳು.

"ಹುಷಾರಾಗೇ ಇದಾನೆ, ಮೇಲೆ ನೋಡು. 'ಮಗಳ ಆಟ ಇದೆ, ನಾಳೆ ಬನ್ನಿ' ಅಂತ ಗಾಜಿಗೆ ಚೀಟಿ ಅಂಟಿಸಿ ಬಂದಿದಾನೆ. ಊರಲ್ಲಿ ಅರ್ಧ ಜನ ಅದನ್ನ ಓದಿ ಇಲ್ಲಿಗೇ ಬಂದ್ರು."

ಮೇಲಿನ ಸಾಲಿನಲ್ಲಿ ಬೋರ್ಟೊಲೊ ಭಾನುವಾರದ ಕೋಟು ತೊಟ್ಟು ನೆಟ್ಟಗೆ ಕುಳಿತಿದ್ದರು.

ಆಟ ಸಮಸಮವಾಗಿಯೇ ಸಾಗಿತು. ಕೊನೆಗೆ ಹದಿನಾಲ್ಕು-ಹದಿನಾಲ್ಕು, ಉಳಿದದ್ದು ಇಪ್ಪತ್ತು ಸೆಕೆಂಡು, ಚೆಂಡು ಇಟಲಿಯ ಕೈಯಲ್ಲಿ. ತರಬೇತುದಾರ ಮನ್ಲಿಯೊ ವಿರಾಮ ಕೇಳಿದ. ಒರ್ನೆಲ್ಲಾಳನ್ನು ಕಾಯಬೇಕಿದ್ದ ಸ್ವಿಸ್ ಹುಡುಗಿ, ಇವಳು ಬುಟ್ಟಿಗೆ ಎಸೆಯುವವಳೇ ಅಲ್ಲವೆಂದು ತಿಳಿದು, ಆಗಲೇ ಇವಳನ್ನು ಬಿಟ್ಟು ಮುಂದೆ ನಿಂತು ಓಡಿಬರುವವರ ದಾರಿ ಕಟ್ಟಿದ್ದಳು.

"ನಿಮ್ಮನ್ನ ಲೆಕ್ಕಕ್ಕೇ ಇಟ್ಟಿಲ್ಲ ಅವಳು," ಅಂದ ಮನ್ಲಿಯೊ. "ಈ ಸಲ ನೀವೇ ಹಾಕಿಬಿಡಿ."

"ನಾನು ಹಾಕೋದಾದ್ರೆ ನೀನು ಮುದುಕ ಆಗೋವರೆಗೂ ಕಾಯ್ಬೇಕು. ಹಾಕೋ ಹಾಗೆ ನಟಿಸ್ತೀನಿ, ಅವಳು ನನ್ನ ಹತ್ರ ಬರ್ತಾಳೆ, ದಾರಿ ತೆರವಾಗುತ್ತೆ." ಒರ್ನೆಲ್ಲಾ ಜಾದಾಳ ಕಡೆ ತಿರುಗಿದಳು. "ನಾನು ಹಿಂದಕ್ಕೆ ಹೆಜ್ಜೆ ಇಟ್ಟ ಕೂಡ್ಲೇ ಓಡು. ಚೆಂಡು ನೋಡ್ಬೇಡ."

"ನೀವು ಕೊಡದಿದ್ರೆ?"

"ಕೊಡ್ತೀನಿ."

ಆಟ ಮತ್ತೆ ಶುರುವಾಯಿತು. ದೂರದಿಂದ ಒಬ್ಬ ಎಸೆದ ಚೆಂಡು ಬುಟ್ಟಿಯ ಅಂಚಿಗೆ ತಾಗಿ ಹೊರಗೆ ಬಿತ್ತು. ಒರ್ನೆಲ್ಲಾ ಹಾರಿ ಹಿಡಿದಳು. ಒಂದು ಹೆಜ್ಜೆ ಹಿಂದಿಟ್ಟು ಎರಡು ಕೈಯಲ್ಲೂ ಚೆಂಡನ್ನು ತಲೆಯ ಮೇಲಕ್ಕೆತ್ತಿದಳು. ಸ್ವಿಸ್ ಹುಡುಗಿ ಬೆಚ್ಚಿ, ಕೈಯೆತ್ತಿಕೊಂಡು ಅವಳತ್ತ ಧಾವಿಸಿದಳು. ಒರ್ನೆಲ್ಲಾ ಪಕ್ಕಕ್ಕೆ ನೋಡಲೂ ಇಲ್ಲ. ತೆರವಾದ ದಾರಿಯತ್ತ ಚೆಂಡನ್ನು ಮೆಲ್ಲಗೆ ತೇಲಿಬಿಟ್ಟಳು. ಅಲ್ಲಿ ಜಾದಾ ಇದ್ದಳು. ಓಡುತ್ತಿದ್ದ ಹುಡುಗಿ ಹಿಡಿದ ವೇಗದಲ್ಲೇ ಚೆಂಡನ್ನು ಮೇಲಕ್ಕೆತ್ತಿ ಬಿಟ್ಟಳು, ಅದು ಬುಟ್ಟಿಯೊಳಗಿಂದ ಹಾದು ಕೆಳಗೆ ಬಿತ್ತು.

ಸೀಟಿ ಊದಿದಾಗ ಇಡೀ ತಂಡ ಜಾದಾಳ ಮೇಲೆ ಬಿದ್ದಿತ್ತು. ಜಾದಾ ಅವರ ನಡುವಿನಿಂದ ನುಸುಳಿ ಬಂದು ಒರ್ನೆಲ್ಲಾಳ ಕುತ್ತಿಗೆಗೆ ಜೋತುಬಿದ್ದಳು.

"ನೋಡ್ಲಿಲ್ಲ ಆಂಟಿ, ನಿಜವಾಗ್ಲೂ ಚೆಂಡು ನೋಡ್ಲಿಲ್ಲ ನಾನು."

"ಗೊತ್ತಾಯ್ತು ಬಿಡು. ಉಸಿರು ಕಟ್ತಿದೆ, ಇಳಿ."

ಬೋರ್ಟೊಲೊ ಒಂದೊಂದೇ ಮೆಟ್ಟಿಲು ಇಳಿದು ಬಂದರು. ಮಗಳನ್ನು ಅಪ್ಪಿಕೊಳ್ಳುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ. ಅವಳ ಬೆವತ ತೋಳನ್ನು ಹಿಡಿದುಕೊಂಡು ನಿಂತರು.

"ನೀನು ಒಂದೂ ಹಾಕ್ಲಿಲ್ಲ," ಅಂದರು.

"ಇಲ್ಲ ಪಪ್ಪಾ."

"ಹದಿನೈದರಲ್ಲಿ ಒಂಬತ್ತು ನಿನ್ನ ಕೈಯಿಂದ ಹೋಗಿದ್ದು. ಹಾರ್ಮ್ ಹತ್ತು ಅಂತಾನೆ. ಅವನಿಗೆ ಕಣ್ಣು ಮಂಜು, ನಾನು ಸರಿಯಾಗಿ ಎಣಿಸಿದೀನಿ."