ಅಕ್ಕನ ಪ್ರಬಂಧಕ್ಕೆ ನಾನು ಆರಿಸಿದ ನಕಲುಗಾರ

ಗೋಪನಕೊಪ್ಪದ ನಮ್ಮ ಮನೆಗೆ ಕಂಪ್ಯೂಟರ್ ಬಂದು ನಾಲ್ಕು ವರ್ಷವಾಗಿತ್ತು. ಒಂದು ದಿನ ಅದು ಒಳಗೊಳಗೇ ಕಟಕಟ ಎನ್ನತೊಡಗಿತು. ಊಟಕ್ಕೆ ಕೂತಾಗ ನಾನು ಆ ಸದ್ದನ್ನು ಬಾಯಲ್ಲೇ ಮಾಡಿ ತೋರಿಸಿದೆ. ಅಪ್ಪ ನಕ್ಕರು. ಅಕ್ಕ ಮುರಿದ ರೊಟ್ಟಿಯನ್ನು ಬಾಯಿಗಿಡದೆ ಕೂತಳು. ಅವಳ ಪಿಎಚ್‌ಡಿ ಪ್ರಬಂಧದ ಆರೂ ಅಧ್ಯಾಯಗಳು ಅದರ ಹಾರ್ಡ್ ಡಿಸ್ಕಿನಲ್ಲಿದ್ದವು, ಬೇರೆಲ್ಲೂ ಇರಲಿಲ್ಲ. ಫ್ಲಾಪಿಯಲ್ಲಿಟ್ಟದ್ದಕ್ಕೆ ಮಳೆಗಾಲದಲ್ಲಿ ಬೂಸ್ಟು ಹಿಡಿದಿತ್ತು. ದಸರಾ ಮುಗಿದ ಎರಡು ವಾರದೊಳಗೆ ಸಲ್ಲಿಸಬೇಕು. ಗಡುವನ್ನು ಆಗಲೇ ಎರಡು ಸಲ ಮುಂದೂಡಿಸಿಕೊಂಡಿದ್ದಳು, ಮೂರನೆಯ ಸಲಕ್ಕೆ ಅವಕಾಶವಿರಲಿಲ್ಲ.

ಮನೆಯ ಕಂಪ್ಯೂಟರ್ ಪಂಡಿತ ನಾನು. ನನ್ನ ಪಾಂಡಿತ್ಯವೆಂದರೆ ರಿಪೇರಿ ಅಂಗಡಿಯವನ ಹಾಗೆ ಮಾತಾಡಬಲ್ಲೆ, ಅಷ್ಟೆ. ಆ ಅಂಗಡಿಯವನಿಂದಲೇ ಎರಡನೆಯ ಡಿಸ್ಕ್ ಹಾಕಿಸಿದೆ. ಅದಕ್ಕೆ ನಕಲು ಮಾಡುವ ಸಾಫ್ಟ್‌ವೇರ್ ಯಾವುದು ಎಂದು ಕೇಳಿದ್ದಕ್ಕೆ ಅವನು ಎರಡು ಸಿಡಿ ಮುಂದಿಟ್ಟ. ಒಂದು ನಿಧಾನ, ಪ್ರತಿ ದಿನದ ನಕಲನ್ನೂ ಬೇರೆ ಬೇರೆಯಾಗಿ ಗಂಟು ಕಟ್ಟಿಡುತ್ತದೆ. ಇನ್ನೊಂದು ಚುರುಕು, ಮೊದಲ ಡಿಸ್ಕಿನಲ್ಲಿ ಏನಿದೆಯೋ ಎರಡನೆಯದರಲ್ಲೂ ಅದನ್ನೇ ಇರಿಸುತ್ತದೆ.

"ನೋಡಿ ತಗೋ ತಮ್ಮಾ," ಎಂದ ಅವನು. "ಇಲ್ಲಿ ಏನ ಅಳಸ್ತಿ, ಇದು ಅಲ್ಲೂ ಅದನ್ನ ಅಳಸ್ತೈತಿ."

ಎದುರಿಗಿದ್ದವರನ್ನು ಚಾಚೂ ತಪ್ಪದೆ ಅನುಕರಿಸುವ ಸಾಫ್ಟ್‌ವೇರು! ನನ್ನ ಜಾತಿಯದ್ದೇ ಅನ್ನಿಸಿ ಅದನ್ನೇ ಹಾಕಿಸಿದೆ. ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಓಡಲಿ ಎಂದು ಸಮಯವನ್ನೂ ಕೊಟ್ಟೆ. ಇನ್ನು ನಿಶ್ಚಿಂತೆಯಿಂದ ಮಲಗು ಎಂದು ಅಕ್ಕನಿಗೆ ಹೇಳಿದೆ. ಅವಳು ಮಲಗಿದಳು ಕೂಡ.

ದಸರೆಯ ಖಂಡೇಪೂಜೆಯ ಹಿಂದಿನ ದಿನ ಅಕ್ಕನನ್ನು ಸ್ಕೂಟರಿನ ಮೇಲೆ ಧಾರವಾಡಕ್ಕೆ ಕರೆದುಕೊಂಡು ಹೋದೆ. ಅವಳು ತನ್ನ ಮಾರ್ಗದರ್ಶಕರ ಕೋಣೆಗೆ ಹೋದಳು. ಪೂಜೆಗೆ ಹೂವು ಎಷ್ಟು ತರಬೇಕೆಂದು ಕೇಳಲು ನಾನು ಹೊರಗಿನ ನಾಣ್ಯದ ಫೋನಿನಿಂದ ಮನೆಗೆ ಹಚ್ಚಿದೆ. ಅಪ್ಪ ಬಲು ಖುಷಿಯಲ್ಲಿದ್ದರು. ಹಬ್ಬಕ್ಕೆಂದು ಅಟ್ಟ, ಕಪಾಟು, ಸೈಕಲ್ಲು ಸ್ವಚ್ಛ ಮಾಡಿ ಕಂಪ್ಯೂಟರಿಗೂ ಕೈಹಚ್ಚಿದ್ದರಂತೆ.

"ಒಳಗೂ ಸ್ವಚ್ಛ ಮಾಡೇನಿ," ಎಂದರು. "ಅಡ್ಡಾದಿಡ್ಡಿ ಇಂಗ್ಲೀಷ್ ಅಕ್ಷರದ್ದು ಆರು ಫೋಲ್ಡರ್ ಇದ್ವು. ವೈರಸ್ ಇರಬೇಕಂತ ತಗದ ಒಗದ್ನಿ. ಕಸದ ಬುಟ್ಟೀನೂ ಖಾಲಿ ಮಾಡ್ದೆ. ಈಗ ಇಸ್ಪೀಟ್ ಆಡಾಕತ್ತೇನಿ."

ಅಕ್ಕ ಫೋಲ್ಡರುಗಳ ಹೆಸರನ್ನೂ ಕನ್ನಡದ ಕೀಲಿಮಣೆಯಲ್ಲೇ ಹೊಡೆದಿದ್ದಳು. ಒಳಗಿನ ಪುಟದಲ್ಲಿ ಅದು ಚೆಂದದ ಕನ್ನಡ. ಹೊರಗೆ ಹೆಸರಿನ ಜಾಗದಲ್ಲಿ ಮಾತ್ರ ಕೊಂಬು ಬಾಲದ ಇಂಗ್ಲಿಷ್ ಅಕ್ಷರಗಳ ರಾಶಿ. ಆರು ಫೋಲ್ಡರ್ ಅಂದರೆ ಆರು ಅಧ್ಯಾಯ. ಉಳಿದದ್ದು ಎರಡನೆಯ ಡಿಸ್ಕಿನ ನಕಲು ಮಾತ್ರ. ಗೋಡೆಯ ಗಡಿಯಾರದಲ್ಲಿ ಹತ್ತೂ ಮುಕ್ಕಾಲು. ಹನ್ನೊಂದಕ್ಕೆ ನಾನು ಆರಿಸಿದ ನಕಲುಗಾರ ಎದ್ದು, ಅಪ್ಪ ಮಾಡಿದ್ದನ್ನೇ ಮಾಡಲಿದ್ದ.

ಈಗಿಂದೀಗ ಕಂಪ್ಯೂಟರಿನ ವೈರ್ ಕೀಳಿರಿ ಎಂದೆ. ಅಪ್ಪ ನಂಬಲಿಲ್ಲ.

"ಇದು ಯಾರ ದನಿ? ಹೆದರಿದಂಗ ಭಾಳ ಛಲೋ ಮಾಡಾಕತ್ತಿ."

ತಪ್ಪು ಅವರದಲ್ಲ. ಹಿಂದಿನ ವಾರವಷ್ಟೇ ನಾನು ವಿದ್ಯುತ್ ಕಚೇರಿಯ ಸಾಹೇಬನ ದನಿಯಲ್ಲಿ ಫೋನ್ ಮಾಡಿ, ಟ್ರಾನ್ಸ್‌ಫಾರ್ಮರ್ ಸಿಡಿಯುತ್ತದೆ, ಮೇನ್ ಸ್ವಿಚ್ ತೆಗೆಯಿರಿ ಎಂದಿದ್ದೆ. ಅಪ್ಪ ಒಂದು ತಾಸು ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತ ಕೂತಿದ್ದರು. ಅದನ್ನು ನೆನಪಿಸಿ, ಫೋನ್ ಇಟ್ಟರು.

ಅಕ್ಕನನ್ನು ಕರೆಯುವುದೇ ಸರಿಯಾದ ದಾರಿ. ಆದರೆ ಕರೆದರೆ ಎಲ್ಲ ಹೇಳಬೇಕು, ಅಂಗಡಿಯವನು ಎಚ್ಚರಿಸಿದ್ದನ್ನೂ. ಅದರ ಬದಲು ಇನ್ನೊಂದು ನಾಣ್ಯ ಹಾಕಿ, ಅಕ್ಕನ ದನಿ ತೆಗೆದು, "ಅಪ್ಪಾ, ನಾನು" ಎಂದೆ.

"ನಿಮ್ಮಕ್ಕ ನನಗ ಅಪ್ಪಾಜಿ ಅಂತಾಳಲೇ," ಎಂದರು ಅಪ್ಪ, ಮತ್ತೆ ಇಟ್ಟರು.

ಐದು ನಿಮಿಷ ಹೀಗೇ ಹೋಯಿತು. ಮೆಟ್ಟಿಲು ಹತ್ತಿ ಓಡಿದೆ. ಕೋಣೆಯ ಬಾಗಿಲಲ್ಲಿ ನನ್ನ ಮುಖ ನೋಡಿ, ಹೊಸ ನಾಟಕವೆಂದುಕೊಂಡು ಅಕ್ಕ ಕೈಸನ್ನೆಯಿಂದಲೇ ಹೋಗು ಎಂದಳು. ಮಾರ್ಗದರ್ಶಕರು ಮಾತು ಮುಗಿಸುವ ತನಕ ನಿಲ್ಲಬೇಕಾಯಿತು. ಹೊರಬಂದವಳಿಗೆ ಮೆಟ್ಟಿಲ ಮೇಲೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಬೈಯಲಿಲ್ಲ. ಎಷ್ಟು ಹೊತ್ತಿದೆ ಎಂದಷ್ಟೇ ಕೇಳಿದಳು. ಎರಡು ನಿಮಿಷ ಎಂದೆ.

ನನ್ನ ನಾಣ್ಯ ತೀರಿದ್ದವು. ಅವಳು ಪರ್ಸನ್ನು ಫೋನಿನ ಕಟ್ಟೆಯ ಮೇಲೆ ಪೂರ್ತಿ ಸುರಿದು ಒಂದನ್ನು ಹುಡುಕಿದಳು. ಅತ್ತ ಮನೆಯ ಫೋನು ಆರು ಸಲ ರಿಂಗಾಯಿತು. ನಾನೇ ಎಂದುಕೊಂಡು ಅಪ್ಪ ಎತ್ತುತ್ತಿಲ್ಲ ಎಂದು ನನಗೆ ಗೊತ್ತಿತ್ತು. ಏಳನೆಯದಕ್ಕೆ ಎತ್ತಿದರು.

"ಅಪ್ಪಾಜಿ, ನಾ. ಕಂಪ್ಯೂಟರಿನ ವೈರ್ ಕೀಳ್ರಿ. ಆಮ್ಯಾಲೆ ಹೇಳ್ತೇನಿ."

ಅವರು ಎದ್ದು ಹೋದ ಸದ್ದು ನನಗೂ ಕೇಳಿತು. ಗಡಿಯಾರ ಹನ್ನೊಂದು ದಾಟಿತ್ತು. ಮರಳಿ ಬಂದು, ಕಿತ್ತೆ ಎಂದರು. ಪರದೆಯ ಮೇಲೆ ಸಣ್ಣ ಹಸಿರು ಪಟ್ಟಿ ಆಗಲೇ ಓಡಾಡುತ್ತಿತ್ತಂತೆ.

ಮಧ್ಯಾಹ್ನ ಅಂಗಡಿಯವನು ಎರಡನೆಯ ಡಿಸ್ಕನ್ನು ತನ್ನ ಯಂತ್ರಕ್ಕೆ ಸಿಕ್ಕಿಸಿದ. ನಾಲ್ಕು ಫೋಲ್ಡರ್ ಇದ್ದವು. ಎರಡನೆಯ ಅಧ್ಯಾಯವೂ ಐದನೆಯದೂ ಇರಲಿಲ್ಲ. ಅಳಿಸಿಹೋದದ್ದನ್ನು ಹಳೆಯ ಡಿಸ್ಕಿನಿಂದ ಮರಳಿ ಎತ್ತಲು ನೋಡಿದ. ಅದು ನಾಲ್ಕು ಸಲ ಕಟಕಟ ಎಂದು ನಿಂತೇ ಹೋಯಿತು. ಅಪ್ಪ ಗಿರಾಕಿಗಳ ಬೆಂಚಿನ ತುದಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಅಕ್ಕ ನನ್ನನ್ನು ಕೇಳದೆ ಆ ನಿಧಾನದ ಸಿಡಿಯನ್ನು ಎತ್ತಿ ಅಂಗಡಿಯವನ ಕೈಗಿಟ್ಟಳು.

ಆಮೇಲಿನ ದಿನಗಳಲ್ಲಿ ಅವಳ ನೋಟ್‌ಬುಕ್ಕುಗಳನ್ನು ನಾನು ಓದಿದೆ, ಅವಳು ಹೊಡೆದಳು. ಹತ್ತಿ ಮಾರುಕಟ್ಟೆಯ ಹಮಾಲರ ಮಾತಿನ ಮೇಲೆ ಅವಳ ಅಧ್ಯಯನ. ಹಮಾಲರ ಡಾಕ್ಟರಮ್ಮ ಎಂದು ವರ್ಷಗಟ್ಟಲೆ ಕಾಡಿದ್ದೆನೇ ಹೊರತು ಒಂದು ಪುಟ ತೆರೆದಿರಲಿಲ್ಲ. ಮೂಟೆ ಎತ್ತುವಾಗಿನ ಕೂಗು, ಇಳಿಸುವಾಗಿನ ಕೂಗು, ಬೆನ್ನು ಹಿಡಿದುಕೊಂಡವನನ್ನು ನಗಿಸುವ ಕೂಗು, ಎಲ್ಲವನ್ನೂ ಅವಳು ನಿಂತು ಕೇಳಿ ಬರೆದುಕೊಂಡಿದ್ದಳು. ಒಂದನ್ನು ಕೂಗಿಯೇ ತೋರಿಸಲು ನನ್ನ ಬಾಯಿ ತುರಿಸಿತು.

"ಸುಮ್ಮನ ಓದು," ಎಂದಳು, ಪರದೆಯಿಂದ ಕಣ್ಣು ತೆಗೆಯದೆ. "ಇನ್ನ ಎಂಬತ್ತು ಪುಟ ಐತಿ."

ಗಡುವಿನ ಕೊನೆಯ ದಿನ, ಕಚೇರಿ ಮುಚ್ಚುವ ಹೊತ್ತಿಗೆ ಸಲ್ಲಿಸಿದಳು. ಐದನೆಯ ಅಧ್ಯಾಯ ಮೊದಲಿಗಿಂತ ಹದಿನಾಲ್ಕು ಪುಟ ಸಣ್ಣದಾಗಿತ್ತು. ಆ ಪುಟಗಳನ್ನು ಅವಳು ನೋಟ್‌ಬುಕ್ಕಿಲ್ಲದೆ ನೇರವಾಗಿ ಕಂಪ್ಯೂಟರಿನಲ್ಲೇ ಬರೆದಿದ್ದಳು. ಅವುಗಳಲ್ಲಿ ಏನಿತ್ತೆಂದು ಅವಳಿಗೂ ಪೂರ್ತಿ ನೆನಪಾಗಲಿಲ್ಲ.