ನನ್ನ ಮೇಲಿನ ದೂರಿನಲ್ಲಿ ನನ್ನದೇ ಹೆಸರು

ಗೆಳೆಯರೇ, ನನ್ನ ಮೇಲೆ ನಾನೇ ದೂರು ಬರೆದಿದ್ದೇನೆಂದು ಇವತ್ತು ಗೊತ್ತಾಯಿತು!

ನಾನು ನವಲಗುಂದ ತಾಲೂಕಿನ ಹಳ್ಳಿಯೊಂದರ ಶಾಲೆಯಲ್ಲಿ ಟೀಚರ್. ಬೆಳಿಗ್ಗೆ ಹೆಡ್‌ಮಾಸ್ತರು ನನ್ನ ವಾಟ್ಸಾಪಿಗೆ ಒಂದು ವರ್ಡ್ ಫೈಲ್ ಹಾಕಿ, "ಅಕ್ಕೋರ, ನೀವು ದಿನಾ ತಡಾ ಮಾಡಿ ಬರ್ತೀರಂತ ಊರ ಮಂದಿ ಅರ್ಜಿ ಕಳಿಸ್ಯಾರ್ರಿ. ಸಂಜಿ ಒಳಗ ಉತ್ತರ ಬರದು ಕೊಡ್ರಿ" ಎಂದರು. ಅರ್ಜಿಗೆ ಸಹಿಯಿಲ್ಲ, ಕೆಳಗೆ "ನೊಂದ ಪಾಲಕರು" ಎಂದಷ್ಟೇ ಇತ್ತು.

"ಯಾರ್ರಿ ಸರ್ ಬರದವ್ರು?"

"ಅಂಥಾವ್ರ ಹೆಸರು ಗೊತ್ತಾಗೂದಿಲ್ಲ ಬಿಡ್ರಿ."

ನನಗೇಕೋ ಸಂಶಯ ಬಂತು. ಲ್ಯಾಪ್‌ಟಾಪಿನಲ್ಲಿ ಆ ಫೈಲಿನ ವಿವರ ತೆಗೆದು ನೋಡಿದೆ. ಬರೆದವರ ಜಾಗದಲ್ಲಿ ನನ್ನ ಹೆಸರು! ಫೈಲ್ ಹುಟ್ಟಿದ್ದು, ಅಕ್ಕನ ಮಗಳ ಮದುವೆಗೆಂದು ನಾನು ರಜಾ ಅರ್ಜಿ ಟೈಪು ಮಾಡಿದ ದಿನ. ನಮ್ಮಲ್ಲಿ ಯಾರೂ ಪತ್ರವನ್ನು ಹೊಸದಾಗಿ ಶುರು ಮಾಡುವುದಿಲ್ಲ. ಹಳೆಯದನ್ನು ಅಳಿಸಿ ಅದರಲ್ಲೇ ಟೈಪು ಮಾಡುತ್ತಾರೆ. ಅಕ್ಷರ ಅಳಿದರೂ ಹೆಸರು ಒಳಗೇ ಕುಳಿತಿರುತ್ತದೆ.

ಆ ರಜಾ ಅರ್ಜಿ ನಾನು ಕಳಿಸಿದ್ದು ಹೆಡ್‌ಮಾಸ್ತರೊಬ್ಬರಿಗೇ.

ಸಂಜೆ ಉತ್ತರ ಬರೆದು ಅವರ ಕೈಗಿಟ್ಟೆ.

"ಪಾಲಕರಿಗೆ ಮುಟ್ಟಸ್ತೀನ್ರಿ" ಎಂದರು.

"ಮುಟ್ಟೈತ್ರಿ, ಸರ್" ಎಂದೆ.