ಗುಜರಿಗೆ ಹೋಗದ ಗಾಡಿ

ಕಾರಿನ ಮುಂದಿನ ಗಾಜಿಗೆ ಅಂಟಿಸಿದ್ದ ಚೀಟಿಯನ್ನು ಬೋರ್ಡಕ್ಕ ಎರಡು ಸಲ ಓದಿದಳು. ‘ಪೆಟ್ರೋಲ್ ವಾಸನೆ ಹರಡುತ್ತಿರುವ ಈ ಹಳೆಯ ವಾಹಣವನ್ನು ಏಳು ದಿನದೊಳಗೆ ತೆಗೆಯತಕ್ಕದ್ದು. ತಪ್ಪಿದಲ್ಲಿ ಗುಜರಿಗೆ ಕಳಿಸಲಾಗುವುದು. ಕಾರ್ಯದರ್ಶಿ, ಕಟ್ಟಡ ಸಮಿತಿ.’ ಅವಳ ಕಣ್ಣಿಗೆ ಮೊದಲು ಚುಚ್ಚಿದ್ದು ಬೆದರಿಕೆಯಲ್ಲ, ಆ ‘ಣ’. ಕೆಂಪು ಬಣ್ಣದ ಡಬ್ಬಿ ತೆಗೆದು, ‘ಣ’ ಹೊಡೆದುಹಾಕಿ ದುಂಡಗೆ ‘ನ’ ಬರೆದಳು. ಚೀಟಿಯನ್ನು ಒಯ್ದು ಕಾರ್ಯದರ್ಶಿಯ ಬಾಗಿಲಿಗೇ ಅಂಟಿಸಿ ಬಂದಳು.

ಅವಳ ಜಾಯಮಾನವೇ ಅಂಥದ್ದು. ಮೂವತ್ತು ವರ್ಷದಿಂದ ಅಂಗಡಿಗಳಿಗೆ ಬೋರ್ಡ್ ಬರೆಯುತ್ತಿದ್ದಳು. ಫ್ಲೆಕ್ಸ್ ಬಂದಾಗ ಜೊತೆಯವರೆಲ್ಲ ಕುಂಚ ಕೆಳಗಿಟ್ಟರು, ಇವಳು ಇಡಲಿಲ್ಲ. ಏಣಿ ಹತ್ತುವ ಹೆಂಗಸನ್ನು ಕಂಡು ನಕ್ಕವರಿಗೆ ಎಂದೂ ಸೊಪ್ಪು ಹಾಕಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಈ ಕಾರು ಕೊಂಡಾಗಲೇ ಅದಕ್ಕೆ ವಯಸ್ಸಾಗಿತ್ತು. ತಲೆಯ ಮೇಲೆ ಏಣಿ, ಹಿಂದಿನ ಸೀಟಿನಲ್ಲಿ ತಗಡಿನ ಹಲಗೆಗಳನ್ನು ಹೊತ್ತುಕೊಂಡು ಅದು ಅವಳ ಹೊಟ್ಟೆ ಹೊರೆದಿತ್ತು.

ಆದರೆ ವಾಸನೆ? ಥಿನ್ನರು, ಟರ್ಪೆಂಟೈನುಗಳ ನಡುವೆ ಬದುಕಿ ಬದುಕಿ ಅವಳ ಮೂಗು ಸತ್ತುಹೋಗಿತ್ತು. ತನಗೆ ಬಾರದ ವಾಸನೆ ಊರಿಗೆಲ್ಲ ಹೇಗೆ ಬರುತ್ತದೆ? ಹಳೇ ಗಾಡಿ ಕಂಡರಾಗದವರು ಕಟ್ಟಿದ ಕಥೆ ಎಂದುಕೊಂಡಳು. ಗಂಡ ಮಾತ್ರ ಮೆಲ್ಲಗೆ, “ಜಗಳ ಯಾಕೆ? ಮಾರಿಬಿಡು,” ಅಂದ.

“ನಿನ್ನನ್ನೂ ಕೊಂಡು ಇಪ್ಪತ್ತೈದು ವರ್ಷ ಆಯ್ತು. ಮಾರಿದ್ನಾ?” ಅಂದಳು.

ಅವಳನ್ನು ಅಲ್ಲಾಡಿಸಿದ್ದು ನೆಲಮಹಡಿಯ ನರ್ಸಮ್ಮ. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವ ಅವಳ ಕಿಟಕಿ ಸರಿಯಾಗಿ ಕಾರಿನ ಎದುರಿಗಿತ್ತು. ಈ ಕಟ್ಟಡಕ್ಕೆ ಬಂದು ಇನ್ನೂ ವರ್ಷವಾಗಿರಲಿಲ್ಲ.

“ಅಕ್ಕಾ, ನಿಮ್ಮ ಮೇಲೆ ನಂಗೇನೂ ಕೋಪ ಇಲ್ಲ. ಆದ್ರೆ ಬಿಸಿಲೇರಿದ್ರೆ ನನ್ನ ಕೋಣೆ ಪೆಟ್ರೋಲ್ ಬಂಕ್ ಆಗುತ್ತೆ. ತಲೆ ಸಿಡಿಯುತ್ತೆ. ಅದಕ್ಕೇ ದೂರಿಗೆ ಸಹಿ ಹಾಕಿದೆ.”

ಅವಳ ಕಣ್ಣ ಕೆಳಗಿನ ಕಪ್ಪು ಸುಳ್ಳು ಹೇಳುವಂತಿರಲಿಲ್ಲ. ಬೋರ್ಡಕ್ಕ ಅಂದೇ ಗಾಡಿಯನ್ನು ಗೇಟಿನಾಚೆ ದೂರಕ್ಕೆ ಒಯ್ದು ನಿಲ್ಲಿಸಿದಳು. ಆಮೇಲೆ ಮೆಟ್ಟಿಲಲ್ಲಿ ಸಿಕ್ಕ ಕಾರ್ಯದರ್ಶಿಗೆ ಹೇಳಿದಳು: “ವಾಸನೆ ನಿಲ್ಲಿಸ್ತೀನಿ. ಗಾಡಿ ಮಾತ್ರ ಕೊಡಲ್ಲ.”

“ಏಳು ದಿನ,” ಅಂದ ಅವನು, ಮೂಗು ಮುರಿದು.

ಯಾವಾಗಲೂ ಗಾಡಿ ರಿಪೇರಿ ಮಾಡುವ ಮೆಕ್ಯಾನಿಕ್ ಬಂದು ನೋಡಿ ಕೈ ಒರೆಸಿಕೊಂಡ. “ಕಾರ್ಬುರೇಟರ್ ಗಾಡಿ ಅಲ್ವಾ ಅಕ್ಕಾ, ವಾಸನೆ ಇದ್ದದ್ದೇ. ಒಳಗೊಂದು ಸೆಂಟಿನ ಡಬ್ಬಿ ಇಡಿ.”

“ಸೋರೋ ಪೆಟ್ರೋಲಿಗೆ ಸೆಂಟು ಹೊಡೆಯೋದಾ? ನೀನು ಹೊರಡಪ್ಪ.”

ಗಾಡಿಯ ಜೊತೆ ಬಂದಿದ್ದ ಹಳೇ ಕೈಪಿಡಿ ತೆಗೆದು ತಾನೇ ಓದಲು ಕೂತಳು. ಟ್ಯಾಂಕ್ ಬಿಸಿಯಾದಾಗ ಪೆಟ್ರೋಲ್ ಆವಿಯಾಗುತ್ತದೆ. ಆ ಆವಿಯನ್ನು ಒಂದು ಸಣ್ಣ ಪೈಪು ಬಾನೆಟ್ಟಿನ ಕೆಳಗಿರುವ ಇದ್ದಿಲಿನ ಡಬ್ಬಿಗೆ ತರುತ್ತದೆ. ಇದ್ದಿಲು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಂಜಿನ್ ತಾನು ಓಡುವಾಗ ಆ ಆವಿಯನ್ನು ಎಳೆದುಕೊಂಡು ಸುಡುತ್ತದೆ. ಹಾಗಾದರೆ ಹಾದಿಯಲ್ಲೆಲ್ಲೋ ಆವಿ ತಪ್ಪಿಸಿಕೊಳ್ಳುತ್ತಿದೆ. ಎಲ್ಲಿ ಎಂದು ಹುಡುಕಲು ಅವಳಿಗೆ ಮೂಗೇ ಇಲ್ಲ.

“ಮೂಗಿಲ್ಲದೋಳು ಏನೇ ಹುಡುಕ್ತೀಯ? ನನ್ನನ್ನ ಕೆಳಗೆ ಕರ್ಕೊಂಡು ಹೋಗು,” ಅಂದರು ಅತ್ತೆ. ಎಂಬತ್ತೊಂದು ವರ್ಷ, ಮಂಡಿ ಎರಡೂ ಹೋಗಿದ್ದವು. ಆದರೆ ಪಕ್ಕದ ಮನೆಯಲ್ಲಿ ಹಾಲು ಹುಳಿಯಾದರೆ ಅವರಿಗೆ ಮೊದಲು ಗೊತ್ತಾಗುತ್ತಿತ್ತು.

ಕುರ್ಚಿಯಲ್ಲಿ ಕೂರಿಸಿ ಗಂಡ ಹೆಂಡತಿ ಇಬ್ಬರೂ ಹೊತ್ತು ಇಳಿಸಿದರು. ಅತ್ತೆ ಡಿಕ್ಕಿಯೊಳಗೆ ತಲೆ ಬಗ್ಗಿಸಿ, ಆ ಕಡೆ ಈ ಕಡೆ ಮೂಸಿ, ಎಡಮೂಲೆಗೆ ಕೋಲು ಕುಟ್ಟಿದರು. “ಇಲ್ಲಿ ಬಿಚ್ಚು.” ಒಳಹೊದಿಕೆ ಕಿತ್ತರೆ ಅದರ ಹಿಂದಿನ ರಬ್ಬರ್ ಪೈಪು ಬಿರುಕುಬಿಟ್ಟ ಹಿಮ್ಮಡಿಯ ಹಾಗಿತ್ತು. ಮುಂದೆ ಬಾನೆಟ್ ಎತ್ತುತ್ತಲೇ ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡರು. “ಅಬ್ಬಾ! ಇಲ್ಲಿ ಇನ್ನೂ ಜೋರು.” ಅಲ್ಲಿ ಪೈಪಿನ ತುದಿ ಬಾಯಿ ತೆರೆದುಕೊಂಡು ನೇತಾಡುತ್ತಿತ್ತು. ಪಕ್ಕದಲ್ಲೇ ಡಬ್ಬಿ ಬಿಗಿಯುವ ಕಬ್ಬಿಣದ ಪಟ್ಟಿ, ಖಾಲಿ. ಇದ್ದಿಲಿನ ಡಬ್ಬಿಯೇ ಮಾಯ!

ಬೋರ್ಡಕ್ಕ ನೆಟ್ಟಗೆ ಗ್ಯಾರೇಜಿಗೆ ಹೋದಳು.

“ಆ ಡಬ್ಬೀನಾ? ಆರು ವರ್ಷದ ಹಿಂದೆ ನಾನೇ ತೆಗೆದಿದ್ದು. ಸುಮ್ನೆ ಜಾಗ ತಿಂತಿತ್ತು,” ಅಂದ ಮೆಕ್ಯಾನಿಕ್.

“ಬೇಡದ್ದನ್ನ ಹಾಕೋಕೆ ಕಾರು ಮಾಡಿದೋರಿಗೆ ತಲೆ ಕೆಟ್ಟಿತ್ತಾ? ಆರು ವರ್ಷದಿಂದ ನನ್ನ ಗಾಡಿ ಬೀದಿಗೆಲ್ಲ ಪೆಟ್ರೋಲ್ ಕುಡಿಸ್ತಾ ಇದೆ. ಮಲಗಿದೋರ ತಲೆ ನೋಯಿಸ್ತಾ ಇದೆ. ನನಗೆ ಒಂದು ಮಾತು ಹೇಳಬಾರದಿತ್ತಾ?”

ಮಾರನೇ ದಿನ ಅವನೇ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ, ಕೆಟ್ಟಿರದ ಒಂದು ಡಬ್ಬಿಯನ್ನೂ ಪೆಟ್ರೋಲಿಗೆ ಕರಗದ ಹೊಸ ಪೈಪನ್ನೂ ತಂದ. “ನಾನು ಹಾಕ್ತೀನಿ ಅಕ್ಕಾ.”

“ಕೈ ನಂದಿರಲಿ. ನೀನು ನಿಂತ್ಕೊಂಡು ಹೇಳು.”

ಬ್ಯಾಟರಿ ತಂತಿ ಬಿಚ್ಚಿ, ಬಯಲಲ್ಲೇ ಕೆಲಸ ಮಾಡಿದಳು. ಕುಂಚ ಹಿಡಿದ ಬೆರಳುಗಳು ಕ್ಲಿಪ್ಪುಗಳನ್ನು ಒಂದೂ ಬಿಡದೆ ಬಿಗಿದವು.

ಏಳನೇ ದಿನ ಗಾಡಿ ತನ್ನ ಜಾಗಕ್ಕೆ ಮರಳಿತು. ಸುಡುವ ಬಿಸಿಲು. ಅತ್ತೆ ಹಿಂದೆ ಮುಂದೆ ಮೂಸಿ, “ನಿನ್ನ ಬಣ್ಣದ ನಾತ ಬಿಟ್ರೆ ಏನೂ ಇಲ್ಲ,” ಅಂದರು. ನರ್ಸಮ್ಮ ಕಿಟಕಿ ತೆರೆದಿಟ್ಟುಕೊಂಡು ಸಂಜೆಯವರೆಗೂ ಮಲಗಿದ್ದಳು.

ಕಾರ್ಯದರ್ಶಿ ಬಂದ. ಡಿಕ್ಕಿಗೆ ಬಗ್ಗಿದ, ಬಾನೆಟ್ಟಿಗೆ ಬಗ್ಗಿದ, ಟ್ಯಾಂಕಿನ ಮುಚ್ಚಳಕ್ಕೆ ಮೂಗು ತಾಗಿಸಿದ. ಏನೂ ಸಿಗಲಿಲ್ಲ. “ವಾಸನೆ ಇಲ್ಲ, ಸರಿ,” ಅಂದ ಗಂಟಲು ಸರಿಮಾಡಿಕೊಂಡು. “ಆದ್ರೂ ಇಂಥ ಗಾಡಿ ನಿಂತಿದ್ರೆ ಕಟ್ಟಡದ ಅಂದ ಕೆಡುತ್ತೆ, ನೋಡಿ.”

“ಹಾಗನ್ನಿ. ಈಗ ನಿಜ ಬಂತು ಬಾಯಲ್ಲಿ.” ಅವಳು ಕೈ ಕಟ್ಟಿ ನಿಂತಳು. “ನರ್ಸಮ್ಮನ ತಲೆನೋವಿಗೆ ನಾನು ತಲೆಬಾಗಿದೆ. ನಿಮ್ಮ ಅಂದಕ್ಕೆ ಬಾಗಲ್ಲ. ಬೇಕಾದ್ರೆ ಅದನ್ನೇ ಬರೆದು ಸಹಿ ಹಾಕಿ ಕೊಡಿ.”

ಅವನು ಬರೆಯಲಿಲ್ಲ. ಸಮಿತಿಯ ಸಭೆಯಲ್ಲಿ ಮಾತೆತ್ತಿದ. ಆಗ ನರ್ಸಮ್ಮ ಎದ್ದು ನಿಂತು, “ನನ್ನ ಸಹಿ ವಾಪಸ್ ತಗೊಂಡಿದೀನಿ. ಇನ್ನು ಯಾರ ಹೆಸರಲ್ಲಿ ದೂರು?” ಎಂದು ಕೇಳಿದಳು. ಸಭೆ ದೂರನ್ನು ಅಲ್ಲಿಗೇ ಕೈಬಿಟ್ಟಿತು.

ಮರುದಿನ ಬೆಳಿಗ್ಗೆ ಗಂಡ ಹಲ್ಲು ಬಿಡುತ್ತಾ, “ಅಂತೂ ಗೆದ್ದೆ ಬಿಡು,” ಅಂದ.

“ಗೆಲ್ಲೋದೇನು ಬಂತು? ಕೆಟ್ಟಿದ್ದನ್ನ ಸರಿ ಮಾಡ್ದೆ, ಅಷ್ಟೆ. ಮಾತು ಸಾಕು, ಆ ಏಣಿ ಎತ್ತು, ಹೊತ್ತಾಯ್ತು.”